ಸಿಲೋಯ್ ಹಕ್ಕಿಯ ಬಗ್ಗೆ ನಾನು ಬರೆದ ಕಾಗದ

ಅವಳ ಊರಿನ ಹಕ್ಕಿ ಅಳಿವಿನ ಅಪಾಯದಲ್ಲಿತ್ತು. ನನ್ನ ಊರಿನ ಹಕ್ಕಿಗೆ ಅಂಥ ಅಪಾಯವೇನೂ ಇರಲಿಲ್ಲ. ಇಷ್ಟಕ್ಕೇ ಒಬ್ಬ ಹೆಂಗಸಿಗೆ ಇನ್ನೊಬ್ಬಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು ಎಂದು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ಆದರೆ ದುಬೈಯಲ್ಲಿ ಕಳೆದ ವರ್ಷಗಳಲ್ಲಿ ನಾನು ಮಾಡಿದ ಒಂದು ಕೆಟ್ಟ ಕೆಲಸದ ಬುಡ ಅಲ್ಲೇ ಇದೆ.

ನಾನಾಗ ಅಲ್ ಮುರಕ್ಕಬಾತಿನ ಒಂದು ಕ್ಲಿನಿಕ್ಕಿನಲ್ಲಿ ದಾಖಲೆ ಕೋಣೆಯ ಕೆಲಸಕ್ಕಿದ್ದೆ. ರೋಗಿಗಳ ಫೈಲು ತೆಗೆದು ಕೊಡುವುದು, ವಾಪಸು ಬಂದದ್ದನ್ನು ನಂಬರು ನೋಡಿ ಜಾಗಕ್ಕೆ ಸೇರಿಸುವುದು, ಎಲ್ಲವೂ ಕಂಪ್ಯೂಟರಿಗೆ ಏರುತ್ತಿದ್ದ ಕಾಲವಾದ್ದರಿಂದ ಹಳೆಯ ಹಾಳೆಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುವುದು. ಕೋಣೆಗೆ ಕಿಟಕಿ ಇರಲಿಲ್ಲ. ಡಾಕ್ಟರುಗಳು ಬಂದರೆ ನನ್ನ ಕೈಯಲ್ಲಿದ್ದ ಫೈಲಿನ ಜೊತೆ ಮಾತಾಡಿ ಹೋಗುತ್ತಿದ್ದರು. ನನಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಉಡುಪಿ ಕಡೆಯ ಹೊಳೆ ದಂಡೆಯ ಮನೆಯಲ್ಲಿ ಈಗ ತಮ್ಮಂದಿರ ಸಂಸಾರಗಳಿದ್ದವು. ರಜೆಯಲ್ಲಿ ಹೋದರೆ ಅವರ ಮಕ್ಕಳು ನನ್ನನ್ನು ದುಬೈ ಮಾಮಿ ಎಂದು ಕರೆದು ಸೂಟ್‌ಕೇಸಿನ ಕಡೆ ನೋಡುತ್ತಿದ್ದರು.

ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಶುಕ್ರವಾರದ ಬೆಳಗು. ಕೆಲಸ ಬಿಟ್ಟು ಊರಿಗೆ ಹೊರಟ ಒಬ್ಬ ಲ್ಯಾಬ್ ಟೆಕ್ನಿಶಿಯನ್ ತನ್ನ ದುರ್ಬೀನನ್ನು ನನಗೆ ಕೊಟ್ಟು ಹೋಗಿದ್ದ. ಅದನ್ನು ಹಿಡಿದು ಮೊದಲು ಕೊಲ್ಲಿಯ ದಡಕ್ಕೆ, ಆಮೇಲೆ ಮರುಭೂಮಿಯಲ್ಲಿ ತೋಡಿದ ಕೆರೆಗಳಿಗೆ ಹೋಗತೊಡಗಿದೆ. ಅಲ್ಲಿ ಒಂದು ಗುಂಪು ಸೇರುತ್ತಿತ್ತು. ಬೇರೆ ಬೇರೆ ದೇಶದವರು, ಹತ್ತು ಹನ್ನೆರಡು ಜನ. ಅದರ ಹಿರಿಯ ಒಬ್ಬ ನಿವೃತ್ತ ಎಂಜಿನಿಯರು, ಬಿಳಿ ಟೊಪ್ಪಿಯ ಮನುಷ್ಯ. ಮೂರ್ನಾಲ್ಕು ಚಳಿಗಾಲಗಳಲ್ಲಿ ನಾನು ಪುಸ್ತಕ ಓದಿ, ಹಕ್ಕಿಗಳ ಕೂಗು ಕೇಳಿ, ನೋಟ್‌ಬುಕ್ ತುಂಬಿಸಿ, ಎಷ್ಟು ಕಲಿತೆನೆಂದರೆ ಕೆಸರಲ್ಲಿ ಓಡಾಡುವ ಒಂದೇ ತರಹದ ಸಣ್ಣ ಹಕ್ಕಿಗಳನ್ನು ಬೇರೆ ಮಾಡಿ ಹೇಳಲು ಎಲ್ಲರೂ ನನ್ನ ಕಡೆಗೇ ತಿರುಗುತ್ತಿದ್ದರು. "ಇದು ಯಾವುದು?" ಎಂದು ಅವರು ಕೇಳುವುದನ್ನು ಕೇಳಲಿಕ್ಕಾಗಿಯೇ ನಾನು ವಾರವಿಡೀ ಕಾಯುತ್ತಿದ್ದೆ.

ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದವರು ಬ್ಯಾರಿ ಸಮುದಾಯದ ಒಬ್ಬರು, ಬಂಟ್ವಾಳ ಕಡೆಯವರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಿಂದ ಅಂಗಡಿಗಳಿಗೆ ಸಾಮಾನು ಸಾಗಿಸುವ ವ್ಯಾನ್ ಅವರದು. ಹಕ್ಕಿಯ ಮೇಲೆ ಅವರಿಗೆ ಅಂಥ ಆಸಕ್ತಿ ಇರಲಿಲ್ಲ. ಕೆರೆ ದಂಡೆಯಲ್ಲಿ ಚಾಪೆ ಹಾಸಿ ಫ್ಲಾಸ್ಕಿನ ಚಹಾ ಕುಡಿಯುತ್ತ ಕೂರುವುದು ಅವರಿಗಿಷ್ಟ. ನಾನು ಅವರನ್ನು ಸಾಯ್ಬ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ತುಳು, ಕನ್ನಡ ಎರಡೂ ಕಲಸಿದ ನಮ್ಮ ಮಾತು.

ಅವಳು ನಾನು ವಾಸವಿದ್ದ ಕೋಣೆಗೆ ಬಂದದ್ದು ಆ ಹೊತ್ತಿನಲ್ಲೇ. ಫಿಲಿಪ್ಪೀನ್ಸಿನ ಸೆಬು ದ್ವೀಪದ ಹುಡುಗಿ, ನಮ್ಮ ಕ್ಲಿನಿಕ್ಕಿಗೆ ಹೊಸ ನರ್ಸ್. ನನ್ನ ಕೋಣೆಯ ಎರಡನೆಯ ಮಂಚ ಖಾಲಿಯಾಗಿತ್ತು. ಬಂದ ಮೊದಲ ದಿನವೇ ನನ್ನನ್ನು "ಆತೆ" ಎಂದಳು. ಅವರ ಕಡೆ ಅಕ್ಕನಿಗೆ ಹಾಗೆನ್ನುತ್ತಾರಂತೆ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ಆದರೆ ಆ ಒಂದು ಶಬ್ದ ಮಾತ್ರ ಅವಳ ಭಾಷೆಯದ್ದು. ದುಬೈಯಲ್ಲಿ ನನ್ನನ್ನು ಅದುವರೆಗೆ ಯಾರೂ ಅಕ್ಕ ಎಂದು ಕರೆದಿರಲಿಲ್ಲ. ಅವಳಿಗೆ ನಾನು ಮೀನು ಸಾರು ಮಾಡಿ ಬಡಿಸಿದೆ, ಮೆಟ್ರೋ ಕಾರ್ಡು ಮಾಡಿಸಿಕೊಟ್ಟೆ, ಯಾವ ಡಾಕ್ಟರ ಮುಂದೆ ಸುಮ್ಮನಿರಬೇಕು ಎಂದು ಹೇಳಿಕೊಟ್ಟೆ. ಎರಡನೆಯ ತಿಂಗಳಲ್ಲಿ ಕೆರೆಗೂ ಕರೆದುಕೊಂಡು ಹೋದೆ. ದುರ್ಬೀನು ಹಿಡಿಯಲು ಬಾರದೆ ಅವಳು ಆಕಾಶವನ್ನೇ ನೋಡುತ್ತಿದ್ದಳು. ನಾನು ಹಿಂದೆ ನಿಂತು ಅವಳ ಮೊಣಕೈಗಳನ್ನು ಪಕ್ಕೆಗೆ ಒತ್ತಿ ತೋರಿಸಿದೆ. "ಕಂಡಿತು, ಆತೆ! ಕೆಂಪು ಕಾಲು!" ಎಂದು ಕೂಗಿ ಹಕ್ಕಿಯನ್ನೇ ಹಾರಿಸಿಬಿಟ್ಟಳು. ಆ ದಿನ ನನಗೆ ಅವಳ ಮೇಲೆ ಬರೀ ಪ್ರೀತಿ ಇತ್ತು. ಇದನ್ನೂ ಹೇಳಬೇಕು.

ಒಂದು ಶುಕ್ರವಾರ ಬೆಳಿಗ್ಗೆ ಸಾಯ್ಬರು ಅಬುಧಾಬಿಯ ಅಲ್ ಮೀನಾಕ್ಕೆ ಹೊರಟರು. ಅಲ್ಲಿಯ ತರಕಾರಿ ಮಾರ್ಕೆಟ್ಟಿನಲ್ಲಿ ಅವರ ಭಾವನ ಅಂಗಡಿ. "ಬನ್ನಿ ಬಾಯಮ್ಮ, ಒಳ್ಳೆ ಮೀನು ಸಿಗ್ತದೆ, ನಿಮ್ಮ ಸಿಸ್ಟರನ್ನೂ ಕರ್ಕೊಂಡು ಬನ್ನಿ" ಎಂದರು. ಭಾವನ ಅಂಗಡಿಯಲ್ಲಿ ಒಂದು ಬುಟ್ಟಿ ಬಿಂಬುಳಿ ಕಾಯಿ ಇತ್ತು. ನಾನೂ ಅವಳೂ ಒಟ್ಟಿಗೇ ಅದಕ್ಕೆ ಕೈ ಹಾಕಿದೆವು. ಅವಳ ಊರಲ್ಲೂ ಮೀನಿಗೆ ಅದನ್ನೇ ಹುಳಿಗೆ ಹಾಕುತ್ತಾರಂತೆ. ನಗುತ್ತ ಇಬ್ಬರೂ ಅರ್ಧ ಅರ್ಧ ಹಂಚಿಕೊಂಡು, ಸಾಯ್ಬರು ಭಾವನ ಜೊತೆ ಮಾತಿಗೆ ಕುಳಿತಾಗ ಸುತ್ತಾಡಲು ಹೊರಟೆವು.

ಹತ್ತಿರದಲ್ಲಿ ಸಾಕುಹಕ್ಕಿ ಮಾರುವ ಒಂದು ಸಣ್ಣ ಅಂಗಡಿ. ಗಿಳಿಗಳ ಗದ್ದಲದ ನಡುವೆ ಒಂದು ಪಂಜರದಲ್ಲಿ ಕಪ್ಪು ಬಿಳುಪಿನ ಹಕ್ಕಿ ಬಾಲ ಎತ್ತಿ ಹಾಡುತ್ತಿತ್ತು. ನಮ್ಮ ಮಡಿವಾಳ. ನಮ್ಮ ಬಾವಿಕಟ್ಟೆಯ ರಾಟೆಯ ಮೇಲೆ ಕೂತು ನಸುಕಿನಲ್ಲೇ ಶುರು ಮಾಡುತ್ತಿದ್ದ ಹಕ್ಕಿ. ಅದರ ಬಗ್ಗೆ ಅವಳಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಪಂಜರದ ಹತ್ತಿರ ಬಗ್ಗಿದಳು.

"ಸಿಲೋಯ್ ತರಹ ಇದೆ," ಎಂದಳು. "ಆದರೆ ಇದಕ್ಕೆ ಬಿಳಿ ಇದೆ. ನಮ್ಮ ಸಿಲೋಯ್ ಪೂರ್ತಿ ಕಪ್ಪು. ನನ್ನ ಚಿಕ್ಕಮ್ಮನ ಮನೆ ಹಿಂದಿನ ಕಮರಿಯಲ್ಲಿ ಹಾಡ್ತದೆ. ಚಿಕ್ಕವಳಿದ್ದಾಗ ಅದರ ಜೊತೆ ನಾನು ಶಿಳ್ಳೆ ಹಾಕ್ತಿದ್ದೆ."

ಸಿಲೋಯ್ ಎಂಬ ಹೆಸರನ್ನೇ ನಾನು ಕೇಳಿರಲಿಲ್ಲ. ಅವಳ ಮುಂದೆ ನನಗೆ ಗೊತ್ತಿಲ್ಲದ ಮೊದಲ ಹಕ್ಕಿ ಅದು. ಮನೆಗೆ ಬಂದು ಮೀನು ತೊಳೆಯುವ ಮೊದಲೇ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅವಳು ಹೇಳಿದ್ದು ನಿಜ, ಮಡಿವಾಳಕ್ಕೆ ಹತ್ತಿರದ ಸಂಬಂಧಿ. ಕಾಡಿನ ಹಕ್ಕಿ. ಸೆಬು ದ್ವೀಪ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ದ್ವೀಪದ ಕಾಡು ಬಹುಪಾಲು ಎಂದೋ ಹೋಗಿದೆ. ಅಲ್ಲಲ್ಲಿ ಉಳಿದ ತುಂಡುಗಳಲ್ಲಿ, ಬಿದಿರು ಪೊದೆಗಳಲ್ಲಿ ಬದುಕಿಕೊಂಡಿದೆ. ಜಗತ್ತಿನ ಹಕ್ಕಿಗಳನ್ನೆಲ್ಲ ಅವುಗಳ ಅಪಾಯದ ಮಟ್ಟ ನೋಡಿ ವಿಂಗಡಿಸುವ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ "ಅಳಿವಿನ ಅಪಾಯದಲ್ಲಿದೆ" ಎಂದಿತ್ತು. ಮಡಿವಾಳದ ಪುಟವನ್ನೂ ತೆಗೆದು ನೋಡಿದೆ. "ಸದ್ಯ ಚಿಂತೆಯಿಲ್ಲ" ಎಂದಿತ್ತು.

ಅವಳಿಗೆ ಓದಿ ಹೇಳಿದೆ. ಅವಳು ಮಂಚದ ಮೇಲೆ ಕೂತುಬಿಟ್ಟಳು.

"ಬೇರೆಲ್ಲೂ ಇಲ್ವಾ, ಆತೆ?"

"ಇಲ್ಲ."

"ನಾನು ಎಲ್ಲ ಕಡೆ ಇರ್ತದೆ ಅಂದ್ಕೊಂಡಿದ್ದೆ. ಕಾಗೆ ತರಹ."

ಮುಂದಿನ ಶುಕ್ರವಾರ ಕೆರೆ ದಂಡೆಯಲ್ಲಿ ಯಾರೋ ಅವಳ ಊರು ಕೇಳಿದರು. ಅವಳು ಸಿಲೋಯ್ ವಿಷಯ ಹೇಳಿದಳು. ನಾನು ಓದಿ ಹೇಳಿದ್ದನ್ನೇ, ನನ್ನದೇ ಮಾತುಗಳಲ್ಲಿ. ದೂರದರ್ಶಕದಿಂದ ಕಣ್ಣು ತೆಗೆದು ಎಲ್ಲರೂ ಅವಳ ಸುತ್ತ ಸೇರಿದರು. ಬಿಳಿ ಟೊಪ್ಪಿಯ ಹಿರಿಯ ಅವಳ ಕೈ ಕುಲುಕಿ, "ಅದರ ಜೊತೆ ಬೆಳೆದವರನ್ನು ನಾನು ಇದೇ ಮೊದಲು ನೋಡ್ತಿರೋದು" ಎಂದ. ಅವಳು ನಾಚಿಕೆಯಿಂದ ಶಿಳ್ಳೆ ಹಾಕಿ ಅದರ ಹಾಡು ತೋರಿಸಿದಳು. ಚೆನ್ನಾಗಿಯೇ ಹಾಕಿದಳು. ಆಚೆ ನೀರಿನಲ್ಲಿ ಒಂದು ಅಪರೂಪದ ಬಾತು ಇಳಿದಿತ್ತು. ನಾನು ಎರಡು ಸಲ ಹೇಳಿದೆ, ಯಾರೂ ತಿರುಗಲಿಲ್ಲ.

ಗುಂಪಿನ ತಿಂಗಳ ಸಭೆಯಲ್ಲಿ ಮಾತಾಡಲು ನಾನು ಎರಡು ವರ್ಷದಿಂದ ಕೇಳಿಕೊಂಡಿದ್ದೆ. ನಮ್ಮ ಹೊಳೆ ಸಮುದ್ರ ಸೇರುವ ಅಳಿವೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳ ಬಗ್ಗೆ ಎಲ್ಲ ಸಿದ್ಧ ಮಾಡಿಟ್ಟಿದ್ದೆ. "ನೋಡೋಣ" ಎನ್ನುತ್ತಿದ್ದರು. ಅವಳನ್ನು ವಾರದೊಳಗೆ ಕರೆದರು. ಚಿತ್ರಗಳನ್ನು ಜೋಡಿಸಿಕೊಟ್ಟವಳು ನಾನು. ಮಾತಿನ ಕೊನೆಗೆ ಅವಳು "ಇದೆಲ್ಲ ನನ್ನ ಆತೆ ಕಲಿಸಿದ್ದು" ಎಂದು ನನ್ನ ಕಡೆ ಕೈ ತೋರಿಸಿದಳು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಿಂದ ಹೊಟ್ಟೆಯ ಉರಿ ಇನ್ನಷ್ಟು ಹೆಚ್ಚಾಯಿತು. ಅವಳು ಕೊಟ್ಟ ಪಾಲನ್ನು ತೆಗೆದುಕೊಳ್ಳಬೇಕಾದ ಸ್ಥಿತಿ ನನಗೆ ಬಂತಲ್ಲ ಎನಿಸಿತು.

ಹೊಟ್ಟೆಕಿಚ್ಚು ಮನೆಯಲ್ಲೂ ಸಣ್ಣ ಸಣ್ಣದರಲ್ಲಿ ಹೊರಬಂತು. ಅವಳು ಬಟ್ಟೆ ಒಣಗಿಸುವ ಕಡೆ ನನ್ನ ಬಟ್ಟೆ ಹಾಕುವುದು, ಅವಳು ಮಾಡಿದ ಸಾರಿಗೆ ಉಪ್ಪು ಕಡಿಮೆ ಎನ್ನುವುದು. ಅವಳು ಕೆರೆಯಲ್ಲಿ ಹಕ್ಕಿಯ ಹೆಸರು ತಪ್ಪಾಗಿ ಹೇಳಿದರೆ ಎಲ್ಲರಿಗೂ ಕೇಳುವಂತೆ ತಿದ್ದುವುದು. ಅವಳು ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಅದೂ ನನಗೆ ಸಹಿಸಲಾಗುತ್ತಿರಲಿಲ್ಲ.

ಆ ವರ್ಷ ಅವಳು ರಜೆಯ ಮೇಲೆ ಊರಿಗೆ ಹೊರಟಾಗ ನನ್ನ ಸಣ್ಣ ರೆಕಾರ್ಡರ್ ಕೇಳಿದಳು. ಕೊಟ್ಟೆ. ಒಂದು ತಿಂಗಳ ನಂತರ ಒಣಮೀನು, ಒಣ ಮಾವಿನ ಹಣ್ಣು, ಏಳು ಧ್ವನಿಮುದ್ರಣಗಳ ಜೊತೆ ವಾಪಸು ಬಂದಳು. ಚಿಕ್ಕಮ್ಮನ ಮನೆ ಹಿಂದಿನ ಕಮರಿಗೆ ದಿನಾ ಬೆಳಿಗ್ಗೆ ಇಳಿದು ರೆಕಾರ್ಡ್ ಮಾಡಿದ್ದಳು. ಸಿಲೋಯ್ ಇರುವ ಜಾಗಗಳೆಂದು ಬರೆದಿಟ್ಟ ಯಾವ ದಾಖಲೆಯಲ್ಲೂ ಆ ಕಮರಿ ಇರಲಿಲ್ಲ. ದ್ವೀಪದ ಒಂದು ಕಾಲೇಜಿನಲ್ಲಿ ಈ ಹಕ್ಕಿಯ ಮೇಲೆ ಕೆಲಸ ಮಾಡುತ್ತಿದ್ದ ಮೇಷ್ಟ್ರೊಬ್ಬರ ವಿಳಾಸವನ್ನು ಬಿಳಿ ಟೊಪ್ಪಿಯ ಹಿರಿಯ ಅವಳಿಗೆ ಹುಡುಕಿಕೊಟ್ಟಿದ್ದ. ಸಿಲೋಯ್‌ನ ಸ್ಥಿತಿಯನ್ನು ಮತ್ತೊಮ್ಮೆ ಪರಿಶೀಲಿಸುವ ಹೊತ್ತು ಅದು: ಅಪಾಯ ಹೆಚ್ಚಿದೆಯೇ, ಇಳಿದಿದೆಯೇ, ಇದ್ದ ಹಾಗೇ ಇದೆಯೇ. ಅದಕ್ಕಾಗಿ ಆ ಹಕ್ಕಿ ಈಗ ಎಲ್ಲೆಲ್ಲಿ ಉಳಿದಿದೆ ಎಂಬ ಪಟ್ಟಿಯನ್ನು ಮೇಷ್ಟ್ರು ಮಾಡುತ್ತಿದ್ದರು. ಇವಳು ಮುದ್ರಣ ಕಳಿಸಿದ ದಿನವೇ ಅವರ ಉತ್ತರ ಬಂತು. ಬಹಳ ಸಂತೋಷ, ಆದರೆ ಹಾಡುಗಳನ್ನು ಬಲ್ಲ ಇನ್ನೊಬ್ಬರು ಕೇಳಿ ಹೇಳಿದರೆ ಒಳ್ಳೆಯದು, ಅಲ್ಲಿ ಅಂಥವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದರು.

"ನಿಮ್ಮ ಹೆಸರು ಕೊಟ್ಟೆ, ಆತೆ. ನಿಮಗಿಂತ ಯಾರು?" ಎಂದಳು.

ಮೇಷ್ಟ್ರ ಕಾಗದ ಇಮೇಲಿನಲ್ಲಿ ನೇರವಾಗಿ ನನಗೇ ಬಂತು. ಮಧ್ಯಾಹ್ನ ಊಟದ ಬಿಡುವಿನಲ್ಲಿ, ಆ ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಏಳನ್ನೂ ಕೇಳಿದೆ. ಕಮರಿಯ ನೀರಿನ ಸದ್ದು, ದೂರದಲ್ಲೊಂದು ಹುಂಜ, ನಡುವೆ ಅವಳ ಉಸಿರು. ಮತ್ತೆ ಆ ಹಾಡು. ಅಂತರ್ಜಾಲದಲ್ಲಿದ್ದ ಸಿಲೋಯ್ ಹಾಡುಗಳ ಜೊತೆ ಹೋಲಿಸಿದೆ. ಐದು ಮುದ್ರಣಗಳಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಒಂದರಲ್ಲಿ ಸದ್ದು ತೀರ ಸಣ್ಣದು, ಹೇಳುವಂತಿರಲಿಲ್ಲ. ಆರನೆಯದು ಮಾತ್ರ ಸಿಲೋಯ್ ಆಗಿರಲಿಲ್ಲ. ಅದು ಆ ದ್ವೀಪದಲ್ಲೂ ಇರುವ ಮಡಿವಾಳದ ಜಾತಿಯದ್ದು. ಹುಟ್ಟಿದಂದಿನಿಂದ ಬಾವಿಕಟ್ಟೆಯಲ್ಲಿ ಕೇಳಿದ ಸ್ವರವನ್ನು ನಾನು ತಪ್ಪುವ ಹಾಗಿರಲಿಲ್ಲ.

ಅವಳ ತಪ್ಪೊಂದು ಸಿಕ್ಕಿತು ಎಂದುಕೊಂಡೆ. ಆ ಸಂತೋಷ ನನಗೆ ಇನ್ನೂ ನೆನಪಿದೆ, ಅಷ್ಟು ಚೆನ್ನಾಗಿತ್ತು.

ಬರೆದೆ. ಆರನೆಯದು ಖಂಡಿತವಾಗಿ ಸಿಲೋಯ್ ಅಲ್ಲ. ಇನ್ನೊಂದು ಸ್ಪಷ್ಟವಿಲ್ಲ. ಇಷ್ಟಕ್ಕೆ ನಿಲ್ಲಿಸಿದ್ದರೆ ಅದು ಸತ್ಯವಾದ ಕಾಗದ. ಮುಂದೆ ಇನ್ನೆರಡು ವಾಕ್ಯ ಸೇರಿಸಿದೆ: ರೆಕಾರ್ಡ್ ಮಾಡಿದವರಿಗೆ ಹಕ್ಕಿ ಗುರುತಿಸುವ ಅಭ್ಯಾಸ ಬಹಳ ಕಡಿಮೆ, ನಮ್ಮ ಗುಂಪಿನಲ್ಲೂ ಆಗಾಗ ತಪ್ಪು ಹೇಳುತ್ತಾರೆ, ಹೀಗಿರುವಾಗ ಉಳಿದವನ್ನೂ ಆಧಾರವಾಗಿ ತೆಗೆದುಕೊಳ್ಳುವುದು ಕಷ್ಟ. ಐದು ಮುದ್ರಣಗಳು ನಿಸ್ಸಂದೇಹ ಎಂದು ಎಲ್ಲೂ ಬರೆಯಲಿಲ್ಲ. ಕಳಿಸಿ, ಡಬ್ಬಿ ತೆರೆದು ಊಟ ಮಾಡಿದೆ.

"ಏನಂತ ಬರೆದ್ರಿ?" ಎಂದು ಅವಳು ಕೇಳಿದಳು.

"ಕೇಳಿದ್ದನ್ನು ಬರೆದೆ," ಎಂದೆ.

ಹತ್ತು ಹದಿನೈದು ದಿನಗಳಲ್ಲಿ ಮೇಷ್ಟ್ರ ಉತ್ತರ ಅವಳಿಗೆ ಬಂತು. ಬಹಳ ಮರ್ಯಾದೆಯ ಕಾಗದ. ಮುದ್ರಣಗಳಲ್ಲಿ ಒಂದು ಬೇರೆ ಹಕ್ಕಿಯದೆಂದು ತಿಳಿದುಬಂದಿದೆ, ಆದ್ದರಿಂದ ಸದ್ಯಕ್ಕೆ ಆ ಕಮರಿಯನ್ನು ಪಟ್ಟಿಗೆ ಸೇರಿಸಲಾಗುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ ಎಂದಿತ್ತು. ನನ್ನ ಹೆಸರಿರಲಿಲ್ಲ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು.

"ತಪ್ಪು ನನ್ನದೇ, ಆತೆ. ಎರಡು ಹಾಡಿಗೆ ವ್ಯತ್ಯಾಸ ಗೊತ್ತಿಲ್ಲದೆ ಹೋಗಿ ರೆಕಾರ್ಡ್ ಮಾಡಿದೆ. ನೀವು ಹೇಳಿಕೊಡ್ತೀರಾ? ಮುಂದಿನ ಸಲ ಸರಿಯಾಗಿ ಮಾಡ್ತೇನೆ."

ಇಲ್ಲ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಅಡುಗೆಮನೆಯ ಮೇಜಿನಲ್ಲಿ ಒಂದೇ ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಮಡಿವಾಳ ಎಲ್ಲಿ ಸ್ವರ ಕಡಿದು ಮತ್ತೆ ಏರಿಸುತ್ತದೆ, ಸಿಲೋಯ್ ಎಲ್ಲಿ ಎಳೆಯುತ್ತದೆ ಎಂದು ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಅವಳ ಕಿವಿ ಒಳ್ಳೆಯದಿತ್ತು. ಎರಡನೆಯ ವಾರದಲ್ಲಿ ಅವಳೇ ತನ್ನ ಮುದ್ರಣಗಳನ್ನು ಹಾಕಿದಳು. "ಇದು ಸಿಲೋಯ್, ಅಲ್ವಾ? ಇದೂ? ಆರನೆಯದು ಅಲ್ಲ, ನೀವು ಹೇಳಿದ್ದು ಸರಿ. ಆದರೆ ಇದು? ನನಗೆ ಸಿಲೋಯ್ ಅಂತಲೇ ಕೇಳ್ತದೆ."

"ಇರಬಹುದು," ಎಂದೆ.

"ಪುನಃ ತಪ್ಪುತ್ತಿದ್ದೇನೋ ಏನೋ," ಎಂದು ಅವಳು ಇಯರ್‌ಫೋನ್ ಸುತ್ತಿಟ್ಟಳು.

ತನ್ನ ಕಿವಿಯನ್ನು ತಾನೇ ನಂಬದಂತೆ ನಾನವಳನ್ನು ಮಾಡಿದ್ದೆ. ಅದು ಗೊತ್ತಾಗಿಯೂ ವಾರಗಟ್ಟಲೆ ಸುಮ್ಮನಿದ್ದೆ. ಕೆರೆ ದಂಡೆಯಲ್ಲಿ ಜನ ಮತ್ತೆ ನನ್ನನ್ನೇ ಕೇಳತೊಡಗಿದ್ದರು. ಅವಳು ಹಿಂದೆ ನಿಲ್ಲುತ್ತಿದ್ದಳು. ನನಗೆ ಬೇಕಾದದ್ದು ಇದೇ ತಾನೇ ಎಂದು ಎಷ್ಟು ಹೇಳಿಕೊಂಡರೂ ಬೆಳಗಿನ ಆ ಮೇಜು ನೆನಪಾಗುತ್ತಿತ್ತು.

ಒಂದು ದಿನ ಅವಳು ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಫೋನು ಹಿಡಿದು ನಿಂತಿದ್ದಳು. ಆ ಕಡೆ ಅವಳ ಚಿಕ್ಕಮ್ಮ. ಕಮರಿಯ ಬಿದಿರಿದ್ದ ಜಾಗದ ಯಜಮಾನ ಅದನ್ನೆಲ್ಲ ಕಡಿದು ಜೋಳ ಹಾಕುತ್ತಾನಂತೆ, ಒಂದು ಬದಿಯಿಂದ ಶುರುವಾಗಿದೆಯಂತೆ. ಚಿಕ್ಕಮ್ಮ ಊರ ಮುಖ್ಯಸ್ಥನ ಹತ್ತಿರ ಹೋಗಿ, ನನ್ನ ಅಕ್ಕನ ಮಗಳು ರೆಕಾರ್ಡ್ ಮಾಡಿದ್ದಾಳೆ, ಇಲ್ಲಿ ಸಿಲೋಯ್ ಇದೆ, ಕಡಿಯಬಾರದು ಎಂದು ಜಗಳ ಮಾಡಿದ್ದಾಳೆ. ಆತ ಕೆಟ್ಟವನೇನಲ್ಲ. ಹಕ್ಕಿ ಇದೆ ಎಂದು ಬರೆದ ಒಂದು ಕಾಗದ ತಂದು ತೋರಿಸು, ನಾನು ಮಾತಾಡುತ್ತೇನೆ ಎಂದಿದ್ದಾನೆ.

"ಕಾಗದ ಇಲ್ಲ ಅಂತ ಹೇಳಿದೆ," ಎಂದಳು. "ನಾನು ತಪ್ಪು ಮಾಡಿದ್ದರಿಂದ ಕಾಗದ ಇಲ್ಲ ಅಂತ ಹೇಳಿದೆ."

ಅವಳು ಡ್ರೆಸ್ಸಿಂಗ್ ಕೋಣೆಗೆ ಹೋದಳು, ರೋಗಿಗಳು ಕಾಯುತ್ತಿದ್ದರು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಒಂದು ಹಕ್ಕಿಗಾಗಿ ಜಗಳಕ್ಕೆ ಹೋಗುವ ಚಿಕ್ಕಮ್ಮ ಅವಳಿಗಿದ್ದಾಳೆ, ನನಗೆ ಯಾರಿದ್ದಾರೆ ಎಂದು.

ಆ ಶುಕ್ರವಾರ ಅವಳಿಗೆ ಡ್ಯೂಟಿ. ಗುಂಪೂ ಇರಲಿಲ್ಲ. ಸಾಯ್ಬರಿಗೆ ಗೋದಾಮಿನಲ್ಲಿ ಸ್ವಲ್ಪ ಸಾಮಾನು ಇಳಿಸುವುದಿತ್ತು, ಅದು ಮುಗಿಸಿ ಕೆರೆಗೆ ಹೋಗೋಣ ಎಂದು ನಾನೊಬ್ಬಳೇ ಅವರ ಜೊತೆ ಹೊರಟೆ. ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ರಜೆಯ ದಿನದ ಮೌನ, ಮುಚ್ಚಿದ ಶಟರುಗಳು. ಅವರು ಸಾಮಾನು ಇಳಿಸಿ ಬಂದು ಸೀಟಿನಲ್ಲಿ ಕೂತು ನನ್ನ ಮುಖ ನೋಡಿದರು.

"ಎಂತ ಬಾಯಮ್ಮ? ಜ್ವರ ಉಂಟಾ? ದಾರಿಯುದ್ದಕ್ಕೂ ಒಂದು ಮಾತಿಲ್ಲ."

ಹೇಳಿಬಿಟ್ಟೆ. ಮೊದಲಿಂದ ಕೊನೆಯವರೆಗೆ. ಆ ಎರಡು ವಾಕ್ಯಗಳನ್ನೂ ಹೇಳಿದೆ. ಅವರು ಸ್ಟೇರಿಂಗಿನ ಮೇಲೆ ಕೈಯಿಟ್ಟು ಪೂರ್ತಿ ಕೇಳಿದರು.

"ಆ ಹುಡುಗಿ ನಿಮಗೆ ಎಂತ ಮಾಡಿದ್ದಾಳೆ ಮಾರಾಯ್ರೆ?"

"ಎಂತ ಮಾಡ್ಲಿಲ್ಲ."

"ಮತ್ತೆ?"

"ಎಲ್ಲರೂ ಅವಳನ್ನೇ ಕೇಳ್ಲಿಕ್ಕೆ ಶುರು ಮಾಡಿದ್ರು, ಸಾಯ್ಬ್ರೇ."

ಅವರು ನಗಲಿಲ್ಲ, ಬೈಯಲೂ ಇಲ್ಲ. "ನಿಮ್ಮ ಹಕ್ಕಿ ವಿಷಯ ನನಗೆ ಗೊತ್ತಾಗುವುದಿಲ್ಲ," ಎಂದರು. "ಆದ್ರೆ ಅಲ್ಲಿ ಮರ ಕಡೀತಾ ಇದ್ದಾರೆ ಅಂತೀರಿ. ಹಾಗಾದ್ರೆ ನೀವು ಇಲ್ಲಿ ಕೂತು ನನ್ನತ್ರ ಹೇಳಿ ಎಂತ ಪ್ರಯೋಜನ? ಕಾಗದ ಬರೆದದ್ದು ನೀವಲ್ವಾ? ಇನ್ನೊಂದು ಬರೀರಿ. ಈಗಲೇ ಬರೀರಿ. ಕೆರೆ ಎಲ್ಲಿಗೂ ಹೋಗುವುದಿಲ್ಲ." ಎಂದು ವ್ಯಾನು ತಿರುಗಿಸಿದರು.

ಕ್ಲಿನಿಕ್ಕಿನ ಬಾಗಿಲಲ್ಲಿ ಇಳಿಸಿ ಹೋದರು. ಅದೇ ಕಂಪ್ಯೂಟರಿನ ಮುಂದೆ ಕೂತು ಮೇಷ್ಟ್ರಿಗೆ ಬರೆದೆ. ಐದು ಮುದ್ರಣಗಳು ನಿಸ್ಸಂದೇಹವಾಗಿ ಸಿಲೋಯ್‌ನವು, ಇದು ನನಗೆ ಮೊದಲ ಸಲ ಕೇಳಿದಾಗಲೇ ಗೊತ್ತಿತ್ತು, ರೆಕಾರ್ಡ್ ಮಾಡಿದವಳ ಬಗ್ಗೆ ಬರೆದದ್ದು ಅವಳ ಮೇಲಿನ ಹೊಟ್ಟೆಕಿಚ್ಚಿನಿಂದ, ದಯವಿಟ್ಟು ಆ ಕಾಗದವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆ ಜಾಗದಲ್ಲಿ ಬಿದಿರು ಕಡಿಯುತ್ತಿದ್ದಾರೆ, ಬೇಗ ಏನಾದರೂ ಮಾಡಲಾಗುವುದಾದರೆ ಮಾಡಿ. ಹೊಟ್ಟೆಕಿಚ್ಚು ಎಂಬುದಕ್ಕೆ ಇಂಗ್ಲಿಷ್ ಶಬ್ದ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿದೆ.

ಸಂಜೆ ಅವಳು ಡ್ಯೂಟಿ ಮುಗಿಸಿ ಬಂದು ಅಕ್ಕಿ ತೊಳೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೇ ಹೇಳಿದೆ.

"ಮೇಷ್ಟ್ರಿಗೆ ಇವತ್ತು ಇನ್ನೊಂದು ಕಾಗದ ಬರೆದೆ. ಮೊದಲನೆಯದರಲ್ಲಿ ನಾನು ಬೇರೆ ಮಾತೂ ಬರೆದಿದ್ದೆ."

"ಏನು?"

"ನಿನಗೆ ಅಭ್ಯಾಸ ಸಾಲದು, ನಿನ್ನ ಉಳಿದ ಮುದ್ರಣಗಳನ್ನೂ ನಂಬೋದು ಕಷ್ಟ ಅಂತ."

ಅವಳು ನಲ್ಲಿ ನಿಲ್ಲಿಸಿದಳು. "ಉಳಿದವನ್ನು ಆಗ ಕೇಳಿದ್ರಾ?"

"ಕೇಳಿದ್ದೆ."

"ಸಿಲೋಯ್ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಇಲ್ಲಿ ಕೂತು ನನಗೆ ಕಲಿಸುವಾಗ್ಲೂ?"

"ಹೌದು."

ಅವಳ ಕೈಯಿಂದ ಅಕ್ಕಿಯ ನೀರು ತೊಟ್ಟಿಕ್ಕುತ್ತಿತ್ತು. ಯಾಕೆ ಎಂದು ಕೇಳಿದಳು. ಸಾಯ್ಬರಿಗೆ ಹೇಳಿದ್ದನ್ನೇ ಹೇಳಿದೆ. ಅದು ಅವಳಿಗೆ ಅರ್ಥವಾಗಲು ಸಮಯ ಹಿಡಿಯಿತು.

"ನನ್ನ ಚಿಕ್ಕಮ್ಮ ಆ ಮನುಷ್ಯನ ಮನೆ ಬಾಗಿಲಿಗೆ ಮೂರು ಸಲ ಹೋಗಿದ್ದಾಳೆ," ಎಂದಳು. "ಎಲ್ಲರ ಮುಂದೆ ಸುಳ್ಳಿ ಅನ್ನಿಸಿಕೊಂಡಿದ್ದಾಳೆ. ನೀವು ಪೂರ್ತಿ ಸುಳ್ಳು ಬರೆದಿದ್ದರೆ ನನಗೆ ಸುಲಭ ಇತ್ತು. ಅರ್ಧ ನಿಜ ಇತ್ತಲ್ಲ, ಅದಕ್ಕೇ ನಾನು ಪೂರ್ತಿ ನಂಬಿದೆ."

ನಾನು ಕ್ಷಮೆ ಕೇಳಿದೆ. "ಸರಿ, ಮ್ಯಾಮ್," ಎಂದು ಅವಳು ಮತ್ತೆ ನಲ್ಲಿ ತಿರುಗಿಸಿದಳು.

ಮುಂದೆ ಅವಳು ನನ್ನನ್ನು ಹಾಗೇ ಕರೆದಳು. ಜಗಳವಾಡಲಿಲ್ಲ. ಮಾಡಿದ ಅಡುಗೆಯಲ್ಲಿ ನನಗೂ ಎತ್ತಿಡುತ್ತಿದ್ದಳು, ಇಸ್ತ್ರಿ ಪೆಟ್ಟಿಗೆ ಬೇಕಾದರೆ ಕೇಳಿ ತೆಗೆದುಕೊಳ್ಳುತ್ತಿದ್ದಳು. ಡಾಕ್ಟರ ಹೆಂಡತಿಯನ್ನು ಕರೆಯುವ ಅದೇ ಸ್ವರದಲ್ಲಿ ಮ್ಯಾಮ್ ಎನ್ನುತ್ತಿದ್ದಳು. ಇನ್ನೊಬ್ಬ ಹಿರಿಯ ನರ್ಸನ್ನು ಅವಳು ಆತೆ ಎನ್ನುವುದನ್ನು ಒಮ್ಮೆ ಕಾರಿಡಾರಿನಲ್ಲಿ ಕೇಳಿದೆ. ಆಗ ಆ ನರ್ಸಿನ ಮೇಲೆ ಹುಟ್ಟಿದ ಹೊಟ್ಟೆಕಿಚ್ಚಿನ ಮುಂದೆ ಹಕ್ಕಿಗಾಗಿ ಪಟ್ಟದ್ದು ಏನೂ ಅಲ್ಲ. ಫೈಲು ಹಿಡಿದುಕೊಂಡು ದಾಖಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮೇಷ್ಟ್ರು ನನಗೆ ಒಂದೇ ಸಾಲಿನ ಉತ್ತರ ಬರೆದರು, ತಿಳಿಸಿದ್ದಕ್ಕೆ ಧನ್ಯವಾದ ಎಂದು. ಅವಳಿಗೆ ದೊಡ್ಡ ಕಾಗದ ಬರೆದರು. ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಅವರೇ ಆ ಕಮರಿಗೆ ಹೋದರು. ಚಿಕ್ಕಮ್ಮ ದಾರಿ ತೋರಿಸಿದಳಂತೆ. ಹೋಗುವಷ್ಟರಲ್ಲಿ ಮೇಲ್ಬದಿಯ ಬಿದಿರು ಪೂರ್ತಿ ಹೋಗಿತ್ತು. ಕೆಳಗೆ, ನೀರಿನ ಹತ್ತಿರ ಉಳಿದ ಭಾಗದಲ್ಲಿ ಮೊದಲ ಬೆಳಿಗ್ಗೆಯೇ ಸಿಲೋಯ್ ಹಾಡಿತು. ಜೋಡಿಯಾಗಿ ಕಂಡವಂತೆ. ಅವರು ಅಲ್ಲೇ ಕೂತು ಮುಖ್ಯಸ್ಥನಿಗೆ ಕಾಗದ ಬರೆದು ಸಹಿ ಹಾಕಿಕೊಟ್ಟರು. ಕೆಳಗಿನ ಭಾಗ ಉಳಿಯಿತು. ಮೇಲಿನದಕ್ಕೆ ಜೋಳ ಬಿದ್ದಾಗಿತ್ತು. ನಾನು ಸುಮ್ಮನಿದ್ದ ವಾರಗಳನ್ನು ಆ ಬಿದಿರಿಗೆ ಜೋಡಿಸಿ ನೋಡುವುದನ್ನು ಇವತ್ತಿಗೂ ಬಿಡಲಾಗಿಲ್ಲ.

ಪರಿಶೀಲನೆ ಮುಗಿದು ಹೊಸ ಪಟ್ಟಿ ಬಂತು. ತೆಗೆದು ನೋಡಿದೆ. ಸಿಲೋಯ್‌ನ ಹೆಸರಿನ ಮುಂದೆ ಹಿಂದೆ ಇದ್ದ ಮಾತೇ ಇತ್ತು. ಅಪಾಯ ಏರಿರಲಿಲ್ಲ, ಇಳಿದೂ ಇರಲಿಲ್ಲ. ಒಂದು ಕಮರಿ ಸೇರಿದ ಮಾತ್ರಕ್ಕೆ ಅದರ ದರ್ಜೆ ಬದಲಾಗುವ ಪ್ರಶ್ನೆ ಇರಲೇ ಇಲ್ಲವೆಂದು ಆಮೇಲೆ ಗುಂಪಿನ ಹಿರಿಯ ವಿವರಿಸಿದ. ಮೇಷ್ಟ್ರ ನಕ್ಷೆಯಲ್ಲಿ ಒಂದು ಚುಕ್ಕೆ ಹೆಚ್ಚಾಯಿತು, ಅಷ್ಟೆ. ಅವಳು ಆ ನಕ್ಷೆಯನ್ನು ಅಚ್ಚು ಹಾಕಿಸಿ ತನ್ನ ಮಂಚದ ಪಕ್ಕ ಅಂಟಿಸಿದಳು. ನಾನು ಮಲಗಿದರೆ ಕಾಣುವ ಹಾಗಿತ್ತು. ಬೇಕೆಂದೇ ಹಾಗೆ ಅಂಟಿಸಿದಳೋ, ಗೋಡೆಯಲ್ಲಿ ಅಷ್ಟೇ ಜಾಗವಿತ್ತೋ, ಕೇಳುವ ಧೈರ್ಯ ನನಗಿರಲಿಲ್ಲ.

ವರ್ಷದ ಕೊನೆಗೆ ಅವಳಿಗೆ ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸಾಯ್ಬರ ವ್ಯಾನಿನಲ್ಲೇ ಸಾಮಾನು ಹೋಯಿತು. ಪೆಟ್ಟಿಗೆ ಎತ್ತಲು ನಾನೂ ಕೈ ಹಾಕಿದೆ. "ಥ್ಯಾಂಕ್ಯೂ, ಮ್ಯಾಮ್," ಎಂದಳು. ಸಾಯ್ಬರು ಇಬ್ಬರ ಮುಖವನ್ನೂ ನೋಡಿ, "ಯಲ್ಲಾ, ಹೊರಡುವ" ಎಂದು ಬೇಗ ಬೇಗ ಹಿಂಬಾಗಿಲು ಹಾಕಿದರು.

ಮುಂದಿನ ಚಳಿಗಾಲದಲ್ಲಿ ನಮ್ಮ ಗುಂಪು ಅಬುಧಾಬಿಯಲ್ಲಿ ಉಪ್ಪುನೀರಿನ ದಡದ ಕಾಂಡ್ಲಾ ಕಾಡಿಗೆ ಹೋಯಿತು. ಅಲ್ಲಿಯ ಹೊಸಬರಿಗೆ ಹಕ್ಕಿ ತೋರಿಸಲು ಬಂದವಳು ಅವಳೇ. ಕೂದಲು ಕತ್ತರಿಸಿಕೊಂಡಿದ್ದಳು, ಹೆಗಲಲ್ಲಿ ತನ್ನದೇ ದುರ್ಬೀನು. ಕೆಸರಿನ ಅಂಚಿನಲ್ಲಿ ಓಡುತ್ತಿದ್ದ ಒಂದು ಸಣ್ಣ ಹಕ್ಕಿಯನ್ನು ತೋರಿಸಿ ಅವಳು ಹೆಸರು ಹೇಳಿದಾಗ, ತಪ್ಪು ಎಂದು ನನ್ನ ಮನಸ್ಸು ಥಟ್ಟನೆ ಹೇಳಿತು, ಖುಷಿಯಿಂದಲೇ ಹೇಳಿತು. ದುರ್ಬೀನು ಎತ್ತಿ ನೋಡಿದೆ. ಕೊಕ್ಕು ಮೇಲಕ್ಕೆ ಬಾಗಿತ್ತು. ಅವಳು ಹೇಳಿದ್ದೇ ಸರಿ. ಅದೇ ಹಳೆಯ ಉರಿ ಹೊಟ್ಟೆಯಲ್ಲಿ ಎದ್ದಿತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದು ಹೋಗಿಬಿಟ್ಟಿದೆ ಎಂದು ನಾನು ಎಣಿಸಿದ್ದೆ.

ಅವಳು ನನ್ನನ್ನು ನೋಡಿದಳು. "ನೀವೇನಂತೀರಿ?" ಎಂದು ಎಲ್ಲರ ಮುಂದೆ ಕೇಳಿದಳು.

"ನೀನು ಹೇಳಿದ್ದು ಸರಿ. ನಾನು ಬೇರೆ ಏನೋ ಅಂದ್ಕೊಂಡಿದ್ದೆ," ಎಂದೆ.

ಅವಳು ತಲೆಯಾಡಿಸಿ ಮುಂದಿನ ಹಕ್ಕಿಗೆ ಹೋದಳು. ಆಮೇಲೆ, ಜನ ಚಹಾ ಕುಡಿಯುತ್ತಿದ್ದಾಗ ಹತ್ತಿರ ಬಂದು ನಿಂತು, ಬರುವ ತಿಂಗಳು ಊರಿಗೆ ಹೋಗುತ್ತೇನೆ ಎಂದಳು. ಚಿಕ್ಕಮ್ಮನಿಗೆ ಮೊಣಕಾಲು ನೋವು, ಕಮರಿಗೆ ಇಳಿಯಲಾಗುತ್ತಿಲ್ಲವಂತೆ. ನಾನು ನೋವಿನ ಎಣ್ಣೆಯ ಹೆಸರು ಹೇಳಿದೆ. ಅವಳು ಬರೆದುಕೊಂಡಳು. ಭರತ ಏರುತ್ತಿತ್ತು, ಕೆಸರಿನ ಹಕ್ಕಿಗಳೆಲ್ಲ ಒಂದೊಂದಾಗಿ ಎದ್ದು ಆಚೆಯ ದಿಬ್ಬಕ್ಕೆ ಹೋಗುತ್ತಿದ್ದವು.